ದಮ್ಮಿರೋ ಪ್ರೊಸೆಸರು, ಬೀಗ ಹಾಕಿರೋ ಬಯಾಸು

ನಾನು ತಗೊಂಡಿದ್ದ ಬ್ರಾಂಡೆಡ್ ಪೀಸಿಯ ಪ್ರೊಸೆಸರ್ ಹೆಸರಿನ ಕೊನೇಲಿ 'ಕೆ' ಅಂತ ಇತ್ತು. ಇಂಟೆಲ್‌ನವರ ಲೆಕ್ಕದಲ್ಲಿ ಕೆ ಅಂದ್ರೆ ಮಲ್ಟಿಪ್ಲೈಯರ್‌ಗೆ (ಸ್ಪೀಡ್ ನಿರ್ಧರಿಸೋ ಗುಣಕಕ್ಕೆ) ಬೀಗ ಹಾಕಿಲ್ಲ, ಬೇಕಾದ್ರೆ ಸ್ಪೀಡ್ ಏರಿಸ್ಕೊಳ್ಳಿ ಅಂತ. ಖುಷಿಯಾಗಿ ಬಯಾಸ್ (ಪೀಸಿ ಆನ್ ಆಗುವಾಗ ಸಿಗೋ ಸೆಟ್ಟಿಂಗ್ಸ್) ಓಪನ್ ಮಾಡಿ ನೋಡಿದ್ರೆ ಡೇಟು, ಟೈಮು, ಯಾವ ಡ್ರೈವಿಂದ ಬೂಟ್ ಆಗ್ಬೇಕು, ಪಾಸ್‌ವರ್ಡು, ಮುಗೀತು! ದಮ್ಮಿರೋ ಕುದುರೆ ಕೊಟ್ಟು ಲಗಾಮು ತಮ್ಮ ಕೈಲೇ ಇಟ್ಕೊಂಡ ಹಾಗೆ.

ಓವರ್‌ಕ್ಲಾಕಿಂಗ್ ಅಂದ್ರೆ ಚಿಪ್ಪನ್ನ ಕಂಪನಿ ಇಟ್ಟ ಸ್ಪೀಡಿಗಿಂತ ಜೋರಾಗಿ ಓಡಿಸೋದು, ಅದರ ಲೆಕ್ಕ ಸಿಂಪಲ್. ಈಗಿನ ಬಹಳಷ್ಟು ಬೋರ್ಡ್‌ಗಳಲ್ಲಿ ಬೇಸ್ ಕ್ಲಾಕ್ (ಮೂಲ ಸ್ಪೀಡು) 100 ಮೆಗಾಹರ್ಟ್ಜ್, ಅದನ್ನ 36ರಿಂದ ಗುಣಿಸಿದ್ರೆ 3.6 ಗಿಗಾಹರ್ಟ್ಜ್, 40ರಿಂದ ಗುಣಿಸಿದ್ರೆ 4. ಹಿಂದೆ ಮಲ್ಟಿಪ್ಲೈಯರ್ ಲಾಕ್ ಆಗಿದ್ರೂ ಜನ ಬಿಡ್ತಿರ್ಲಿಲ್ಲ. 1998ರಲ್ಲಿ ಬಂದ ಸೆಲೆರಾನ್ 300ಎ ಚಿಪ್ಪಿನ ಬಸ್ ಸ್ಪೀಡು (ಆಗಿನ ಮೂಲ ಸ್ಪೀಡು) 66, ಗುಣಕ 4.5, ಗುಣಿಸಿದ್ರೆ ಸುಮಾರು 300 ಮೆಗಾಹರ್ಟ್ಜ್. ಜನ ಬಸ್ ಸ್ಪೀಡನ್ನೇ 100ಕ್ಕೆ ಏರಿಸಿದ್ರು, ಗುಣಕ ಮುಟ್ಟದೇನೇ ಅಗ್ಗದ ಚಿಪ್ಪು 450ಕ್ಕೆ ಓಡ್ತು. ಆಮೇಲೆ ಎಎಂಡಿ ಅಥ್ಲಾನ್ ಕಾಲದಲ್ಲಿ ಚಿಪ್ಪಿನ ಮೇಲೆ ಕಟ್ ಮಾಡಿ ಬಿಟ್ಟಿದ್ದ ಪುಟ್ಟ ಸಂಪರ್ಕಗಳನ್ನ ಪೆನ್ಸಿಲ್ ಗೆರೆ ಎಳೆದು ಸೇರಿಸ್ತಿದ್ರು, ಗ್ರಾಫೈಟಲ್ಲಿ ಕರೆಂಟ್ ಹರಿಯತ್ತಲ್ಲ, ಅಷ್ಟಕ್ಕೇ ಬೀಗ ಬಿಚ್ಕೊಳ್ತಿತ್ತು.

ಹಾಗಾದ್ರೆ ಬ್ರಾಂಡ್‌ನವರು ಯಾಕೆ ಬಿಡಲ್ಲ? ಬರೀ ಜಿಪುಣತನ ಅಂತ ಬೈಯೋದು ಸುಲಭ, ನಾನೂ ಬೈದಿದೀನಿ, ಆದ್ರೆ ವಿಷಯ ಇರೋದು ಕರೆಂಟಲ್ಲಿ. ಸ್ಪೀಡ್ ಏರಿಸಿದ್ರೆ ಚಿಪ್ಪು ಸ್ಥಿರವಾಗಿ ನಿಲ್ಲೋಕೆ ಸಾಮಾನ್ಯವಾಗಿ ವೋಲ್ಟೇಜೂ ಏರಿಸ್ಬೇಕು. ಚಿಪ್ಪು ಕೆಲಸ ಮಾಡುವಾಗ ತಿನ್ನೋ ಪವರ್ ಸ್ಪೀಡಿಗೆ ನೇರವಾಗಿ ಏರತ್ತೆ, ವೋಲ್ಟೇಜಿಗೆ ಅದರ ವರ್ಗದ ಲೆಕ್ಕದಲ್ಲಿ ಏರತ್ತೆ. ಎರಡನ್ನೂ ಹತ್ತು ಪರ್ಸೆಂಟ್ ಏರಿಸಿ ನೋಡಿ, 1.1 ಅನ್ನ ಮೂರು ಸಲ ಗುಣಿಸಿದ್ರೆ 1.33, ಅಂದ್ರೆ 100 ವ್ಯಾಟ್ ಇದ್ದಿದ್ದು 133 ಆಯ್ತು. ಸಿಕ್ಕಿದ್ದು ಹತ್ತು, ತೆತ್ತಿದ್ದು ಮೂವತ್ಮೂರು.

ಈ 133 ವ್ಯಾಟು ಸುಮಾರು 1.3 ವೋಲ್ಟಲ್ಲಿ ಹೋಗ್ಬೇಕು ಅಂದ್ರೆ ನೂರು ಆಂಪಿಯರ್ ಹತ್ರ ಕರೆಂಟು! ಪವರ್ ಸಪ್ಲೈಯಿಂದ ಬರೋ 12 ವೋಲ್ಟನ್ನ ಇಷ್ಟಕ್ಕೆ ಇಳಿಸಿಕೊಡೋದು ಬೋರ್ಡ್ ಮೇಲಿರೋ ವಿಆರ್‌ಎಂ. ನನ್ನ ಪೀಸಿಯ ಸೈಡ್ ಪ್ಯಾನೆಲ್ ಬಿಚ್ಚಿ ಟಾರ್ಚ್ ಹಾಕಿ ನೋಡಿದೆ, ಸಾಕೆಟ್ ಪಕ್ಕ ಕರಿ ಚೌಕದ (ಕರೆಂಟನ್ನ ಆನ್-ಆಫ್ ಮಾಡೋ) ಮಾಸ್ಫೆಟ್‌ಗಳು ಬೆರಳೆಣಿಕೆಯಷ್ಟು, ಮೇಲೆ ಹೀಟ್‌ಸಿಂಕ್ ಇಲ್ಲ, ಗಾಳೀನೂ ಸರಿಯಾಗಿ ಬರಲ್ಲ. ಪ್ರೊಸೆಸರ್ ಮೇಲಿದ್ದ ಕೂಲರ್ ಅಂತೂ ಅಂಗೈಯಗಲದ ಅಲ್ಯೂಮಿನಿಯಂ ತುಂಡು. ಬಯಾಸ್ ಬೀಗ ಹೇಗೋ ತೆಗೆದಿದ್ರೂ ಮೊದಲು ಸುಸ್ತಾಗ್ತಿದ್ದಿದ್ದು ಪ್ರೊಸೆಸರ್ ಅಲ್ಲ, ಈ ವಿಆರ್‌ಎಂ. ಬೋರ್ಡನ್ನಾದ್ರೂ ಬದಲಾಯಿಸೋಣ ಅಂದ್ರೆ ಪವರ್ ಸಪ್ಲೈಯಲ್ಲಿ ಮಾಮೂಲಿ 24 ಪಿನ್ ಕನೆಕ್ಟರೇ ಇರ್ಲಿಲ್ಲ, ಆ ಕಂಪನಿಯದೇ ಏನೋ ಬೇರೆ. ಅದಕ್ಕೆ ಮಾತ್ರ ನಾನು ಕ್ಷಮಿಸಲ್ಲ.

ನಾವೇ ಅಸೆಂಬಲ್ ಮಾಡಿದ್ರೆ ಈ ತಾಪತ್ರಯ ಇಲ್ಲ. ಇಂಟೆಲ್‌ನಲ್ಲಾದ್ರೆ ಕೆ ಚಿಪ್ಪಿಗೆ ಝಡ್ ಸೀರೀಸ್ ಬೋರ್ಡು, ಎಎಂಡಿ ರೈಜೆನ್‌ನಲ್ಲಿ ಹೆಚ್ಚುಕಮ್ಮಿ ಎಲ್ಲಾ ಚಿಪ್ಪುಗಳೂ ಅನ್‌ಲಾಕ್, ಬಿ ಸೀರೀಸ್ ಬೋರ್ಡೇ ಸಾಕು. ಆದ್ರೆ ಒಂದೇ ಮಾಡೆಲ್ಲಿನ ಎರಡು ಚಿಪ್ಪು ಒಂದೇ ಥರ ಏರಲ್ಲ, ಅದು ಲಾಟರಿ. ಏರಿತು ಅಂತ ಅಲ್ಲಿಗೇ ನಿಲ್ಲಿಸಬಾರದು, ಗಂಟೆಗಟ್ಲೆ ಲೋಡ್ ಕೊಟ್ಟು ಟೆಸ್ಟ್ ಮಾಡ್ಬೇಕು, ಯಾಕಂದ್ರೆ ಹ್ಯಾಂಗ್ ಆದ್ರೆ ಗೊತ್ತಾಗತ್ತೆ, ಸದ್ದಿಲ್ಲದೆ ಲೆಕ್ಕ ತಪ್ಪಿ ಫೈಲ್ ಹಾಳಾದ್ರೆ ತಿಂಗಳಾದ್ಮೇಲೆ ಗೊತ್ತಾಗತ್ತೆ.

ನಿಜ ಹೇಳ್ಬೇಕಂದ್ರೆ ಈಗ ಏರಿಸೋಕೆ ಉಳಿದಿರೋದೂ ಕಮ್ಮಿ. 2008ರ ಇಂಟೆಲ್ ನೆಹಾಲೆಮ್ ಚಿಪ್ಪುಗಳಲ್ಲಿ ಟರ್ಬೋ ಬೂಸ್ಟ್ ಬಂತು, ಅಲ್ಲಿಂದ ಚಿಪ್ಪುಗಳು ತಮ್ಮನ್ನ ತಾವೇ ಏರಿಸ್ಕೊಳ್ಳೋದು ಜಾಸ್ತಿ ಆಗ್ತಾನೇ ಬಂದಿದೆ, ಕಂಪನಿಯವರೇ ಹಿಂಡಿ ಕಳಿಸ್ತಾರೆ. ಹಿಂಡೋದು ಅತಿಯಾದ್ರೆ ಏನಾಗತ್ತೆ ಅನ್ನೋದು 2024ರಲ್ಲಿ ಕಾಣಿಸ್ತು, ಇಂಟೆಲ್‌ನ 13, 14ನೇ ಜನರೇಷನ್ನಿನ ಡೆಸ್ಕ್‌ಟಾಪ್ ಚಿಪ್ಪುಗಳು ಹೆಚ್ಚು ವೋಲ್ಟೇಜ್ ಕೇಳಿ ಕೇಳಿ ಸವೆದು ಕ್ರ್ಯಾಶ್ ಆಗ್ತಿದ್ವು, ಕಂಪನಿ ಮೈಕ್ರೋಕೋಡ್ (ಚಿಪ್ಪಿನ ಒಳಗಿನ ಸಾಫ್ಟ್‌ವೇರ್) ಅಪ್‌ಡೇಟ್ ಕೊಟ್ಟು ವಾರಂಟಿ ಎರಡು ವರ್ಷ ಜಾಸ್ತಿ ಮಾಡ್ತು. ಹಾಗಾಗಿ ಸ್ವಂತ ಬಿಲ್ಡಲ್ಲಿ ನನಗೆ ಮುಖ್ಯ ಅನ್ಸೋದು ಮೆಮೊರಿ. 3600 ಸ್ಪೀಡಿನ ರ‍್ಯಾಮ್ ಹಾಕಿ ಬಯಾಸಲ್ಲಿ ಎಕ್ಸ್‌ಎಂಪಿ (ರ‍್ಯಾಮನ್ನ ಅದರ ಪೂರ್ತಿ ಸ್ಪೀಡಲ್ಲಿ ಓಡಿಸೋ ಸೆಟ್ಟಿಂಗ್) ಆನ್ ಮಾಡದೇ ಇದ್ರೆ ಅದು 2133ಲ್ಲೋ 2666ಲ್ಲೋ ಓಡ್ತಾ ಕೂತಿರತ್ತೆ. ಬ್ರಾಂಡೆಡ್ ಪೀಸಿಗಳಲ್ಲಿ ಎಷ್ಟೋ ಸಲ ಆ ಆಪ್ಷನ್ನೇ ಇರಲ್ಲ. ಅಂಥದ್ರಲ್ಲಿ ರ‍್ಯಾಮ್ ಒಂದೇ ಸ್ಟಿಕ್ ಇದ್ರೆ ಅದೇ ಥರದ್ದು ಇನ್ನೊಂದು ಹಾಕಿ, ಡ್ಯುಯಲ್ ಚಾನೆಲ್ ಆಗತ್ತೆ (ಎರಡು ದಾರೀಲಿ ಡೇಟಾ ಓಡತ್ತೆ), ಫ್ಯಾನಿನ ಧೂಳು ತೆಗೀರಿ, ಓವರ್‌ಕ್ಲಾಕ್ ಆಸೆ ಬಿಡಿ.

ಕೊನೆಗೆ ನಾನು ಆ ಕೆ ಚಿಪ್ಪನ್ನ ಕಿತ್ತು ಬೇರೆ ಬೋರ್ಡಿಗೆ ಹಾಕಿದೆ, ದೊಡ್ಡ ಕೂಲರ್ ಕೂರಿಸಿದೆ. 300 ಮೆಗಾಹರ್ಟ್ಜ್ ಏರಿತು, ಫ್ಯಾನ್ ಸದ್ದು ಅದಕ್ಕಿಂತ ಜಾಸ್ತಿ ಏರಿತು. ಒಂದು ವಾರ ಅನುಭವಿಸಿ ಸ್ಪೀಡನ್ನ ಮೊದಲಿದ್ದಲ್ಲಿಗೇ ಇಳಿಸಿದೆ, ವೋಲ್ಟೇಜನ್ನ ಇನ್ನೂ ಸ್ವಲ್ಪ ಕೆಳಗೆ ಇಳಿಸಿದೆ. ಈಗ ಪೀಸಿ ಆನ್ ಇದೆಯೋ ಇಲ್ವೋ ಅಂತ ಲೈಟ್ ನೋಡಿ ತಿಳ್ಕೋಬೇಕು.