ಎಐ ಸಹಾಯಕನ ಜೊತೆ ವಿಡಿಯೊ ಎಡಿಟಿಂಗ್: ಕಿನ್ನಾಳದ ಒಂದು ಮಾತುಕತೆ ಇಟ್ಟುಕೊಂಡು ಅಧ್ಯಯನ ಟಿಪ್ಪಣಿ

ಕೊಪ್ಪಳ, ಗಂಗಾವತಿ ಕಡೆ ಮೊಬೈಲಿನಲ್ಲಿ ಶೂಟ್ ಮಾಡಿ ಲ್ಯಾಪ್‌ಟಾಪಿನಲ್ಲಿ ಎಡಿಟಿಂಗ್ ಕಲಿಯುತ್ತಿರುವವರಿಗಾಗಿ ಇದನ್ನು ಬರೆದಿದ್ದೇನೆ. ಉದಾಹರಣೆಗೆ ಒಂದೇ ವಿಡಿಯೊ ಇಟ್ಟುಕೊಳ್ಳೋಣ. ಕಿನ್ನಾಳದಲ್ಲಿ ಗೊಂಬೆ ಮಾಡುವ ಹಿರಿಯರೊಬ್ಬರು ಕೆಲಸ ಮಾಡುತ್ತಲೇ 40 ನಿಮಿಷ ಮಾತಾಡಿದ್ದಾರೆ. ಅದು 6 ನಿಮಿಷಕ್ಕೆ ಇಳಿಯಬೇಕು, ಕೆಳಗೆ ಕನ್ನಡ ಸಬ್‌ಟೈಟಲ್ ಬರಬೇಕು.

ಚಾಟ್ ಮಾಡುವ ಎಐ ಸಹಾಯಕ ತಾನೇ ವಿಡಿಯೊ ಕತ್ತರಿಸುತ್ತದೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಅದು ಮುಖ್ಯವಾಗಿ ಓದುತ್ತದೆ, ಬರೆಯುತ್ತದೆ. ಕತ್ತರಿಸೋದು ಬೇರೆ ಸಾಧನ. ಹೆಚ್ಚಿನ ಸಲ ಅದು ಎಫ್‌ಎಫ್‌ಎಂಪೆಗ್ ಆಗಿರುತ್ತದೆ. 2000ರಲ್ಲಿ ಫ್ಯಾಬ್ರಿಸ್ ಬೆಲ್ಲಾರ್ ಶುರು ಮಾಡಿದ ಉಚಿತ ಸಾಫ್ಟ್‌ವೇರ್ ಅದು. ಅದಕ್ಕೆ ಬಟನ್ ಇಲ್ಲ, ಕಮಾಂಡ್ ಬರೆದು ಕೊಡಬೇಕು. ಆ ಕಮಾಂಡ್ ನೆನಪಿಟ್ಟುಕೊಳ್ಳೋದು ಕಷ್ಟ ಅಲ್ವಾ? ಎಐ ಅಲ್ಲಿ ಕೆಲಸಕ್ಕೆ ಬರುತ್ತದೆ. ಹಾಗಾಗಿ ನಮ್ಮ ಮುಖ್ಯ ಕೆಲಸ ವಿಡಿಯೊವನ್ನು ಅಕ್ಷರ ಮತ್ತು ಸಮಯದ ರೂಪಕ್ಕೆ ತರೋದು. ಅಷ್ಟಾದರೆ ಎಐಗೆ ಹಿಡಿದುಕೊಳ್ಳಲು ಏನಾದರೂ ಸಿಕ್ಕಂತೆ.

ಮೊದಲು ಒಂದು ಸಣ್ಣ ತಯಾರಿ. ಹಲವು ಮೊಬೈಲುಗಳು ಫ್ರೇಮ್ ರೇಟನ್ನು, ಅಂದರೆ ಸೆಕೆಂಡಿಗೆ ಎಷ್ಟು ಚಿತ್ರ ಅನ್ನುವ ಲೆಕ್ಕವನ್ನು, ಬೆಳಕಿಗೆ ತಕ್ಕಂತೆ ಏರಿಳಿಸುತ್ತವೆ. ಉದ್ದದ ವಿಡಿಯೊದಲ್ಲಿ ಇದರಿಂದ ತುಟಿ ಒಂದು ಕಡೆ, ಮಾತು ಒಂದು ಕಡೆ ಆಗುತ್ತದೆ. ಆದ್ದರಿಂದ ಒಂದೇ ಸ್ಥಿರ ಫ್ರೇಮ್ ರೇಟಿಗೆ, ಅಂದರೆ 25 ಅಥವಾ 30ಕ್ಕೆ ತಂದ ಒಂದು ನಕಲನ್ನು ಮಾಡಿಸಿಕೊಳ್ಳಿ. ಮೂಲ ಫೈಲನ್ನು ಮುಟ್ಟಬೇಡಿ. ಎಐ ಬರೆದ ಕಮಾಂಡಿನಲ್ಲಿ ಹೈಫನ್ ಮತ್ತು ವೈ ಅಕ್ಷರ ಒಟ್ಟಿಗೆ ಇದ್ದರೆ ಅದೇ ಹೆಸರಿನ ಹಳೆಯ ಫೈಲಿನ ಮೇಲೆ ಕೇಳದೆಯೇ ಬರೆಯುತ್ತದೆ. ಅದನ್ನು ತೆಗೆಸಿ.

ಮೌನ ಕತ್ತರಿಸೋದು

ಎಲ್ಲರೂ ಮೊದಲು ಕೇಳೋದು ಇದನ್ನೇ: ಮಾತಿಲ್ಲದ ಜಾಗ ತಾನಾಗಿ ಹೋಗಬೇಕು. ಎಫ್‌ಎಫ್‌ಎಂಪೆಗ್‌ನಲ್ಲಿ ಸೈಲೆನ್ಸ್‌ಡಿಟೆಕ್ಟ್ ಅನ್ನುವ ಫಿಲ್ಟರ್ ಇದೆ. ಅದು ಮೌನ ಎಲ್ಲಿ ಶುರುವಾಯಿತು, ಎಲ್ಲಿ ಮುಗಿಯಿತು ಅಂತ ಸೆಕೆಂಡ್ ಲೆಕ್ಕದಲ್ಲಿ ಬರೆದು ಕೊಡುತ್ತದೆ. ನಾವು ಏನೂ ಹೇಳದಿದ್ದರೆ ಮೈನಸ್ 60 ಡೆಸಿಬಲ್‌ಗಿಂತ ಕಡಿಮೆ ಸದ್ದು 2 ಸೆಕೆಂಡ್ ಇದ್ದರೆ ಮಾತ್ರ ಮೌನ ಅಂತ ಹಿಡಿಯುತ್ತದೆ. ಸ್ಟುಡಿಯೊಗೆ ಅದು ಸರಿ. ನಮ್ಮ ಕಡೆ ಬೇಸಿಗೆಯಲ್ಲಿ ಫ್ಯಾನ್ ಬಂದ್ ಮಾಡಿ ಯಾರು ಕೂರುತ್ತಾರೆ? ಫ್ಯಾನಿನ ಸದ್ದು ಆ ಮಿತಿಗಿಂತ ಜಾಸ್ತಿ ಇರುತ್ತದೆ, ಹಾಗಾಗಿ ಒಂದು ಮೌನವೂ ಸಿಗೋದಿಲ್ಲ. ಮಿತಿಯನ್ನು ಮೈನಸ್ 35, ಮೈನಸ್ 30ರ ಸುತ್ತ ಇಟ್ಟು ನೋಡಿ.

ಕಿನ್ನಾಳದ ವಿಡಿಯೊದಲ್ಲಿ ಇನ್ನೊಂದು ತೊಡಕು. ಉಳಿ ಬಡಿಯುವ ಸದ್ದು ಮಾತಿನಷ್ಟೇ ಜೋರಾಗಿರುತ್ತದೆ. ಫಿಲ್ಟರ್ ಅಳೆಯೋದು ಸದ್ದಿನ ಮಟ್ಟ ಮಾತ್ರ. ಅದು ಮಾತೋ ಉಳಿಯೋ ಅದಕ್ಕೆ ಗೊತ್ತಿಲ್ಲ. ಇಂಥ ಕಡೆ ಮನುಷ್ಯರ ದನಿಯನ್ನೇ ಗುರುತಿಸುವ ಸಿಲೆರೊ ವಿಎಡಿಯಂಥ ಸಾಧನ ಬೇಕು. ಅದನ್ನು ಜೋಡಿಸುವ ಸ್ಕ್ರಿಪ್ಟನ್ನು, ಅಂದರೆ ಪೈಥಾನ್ ಭಾಷೆಯ ಸಣ್ಣ ಪ್ರೋಗ್ರಾಮನ್ನು, ಎಐ ಬರೆದುಕೊಡುತ್ತದೆ. ಆದರೂ ಉಳಿ ಸದ್ದು ಇರುವ ಜಾಗವನ್ನು ಪೂರ್ತಿ ತೆಗೆಸಬೇಡಿ. ಕೈ ಕೆಲಸ ಮಾಡೋದನ್ನು ನೋಡಲಿಕ್ಕೇ ಜನ ಈ ವಿಡಿಯೊ ಹಾಕಿಕೊಳ್ಳೋದು. ಸ್ಕ್ರಿಪ್ಟ್ ಅಂಥ ತುಣುಕುಗಳನ್ನು ಬೇರೆ ಫೋಲ್ಡರಿಗೆ ಹಾಕಲಿ. ಮಾತಿನ ಮೇಲೆ ಇಡುವ ದೃಶ್ಯಕ್ಕೆ ಅವು ಬೇಕಾಗುತ್ತವೆ.

ಮಾತನ್ನು ಅಕ್ಷರಕ್ಕೆ ತರೋದು

ಮಾತನ್ನು ಕೇಳಿ ಅಕ್ಷರಕ್ಕೆ ತರುವ ಎಐ ಮಾದರಿ ವಿಸ್ಪರ್. ಓಪನ್‌ಎಐ 2022ರ ಸೆಪ್ಟೆಂಬರಿನಲ್ಲಿ ಬಿಟ್ಟ ಇದು ನಮ್ಮದೇ ಕಂಪ್ಯೂಟರಿನಲ್ಲಿ ನಡೆಯುತ್ತದೆ, ಒಮ್ಮೆ ಇಳಿಸಿಕೊಂಡ ಮೇಲೆ ಇಂಟರ್ನೆಟ್ ಬೇಡ. ಅದರ ಮೊದಲ ಆವೃತ್ತಿಗೆ 6,80,000 ಗಂಟೆಗಳ ಧ್ವನಿಯಿಂದ ತರಬೇತಿ ಕೊಟ್ಟಿದ್ದಾರೆ. ಆದರೆ ಅದರಲ್ಲಿ ಹೆಚ್ಚಿನ ಪಾಲು ಇಂಗ್ಲಿಷ್. ಕನ್ನಡ ಬರುತ್ತದೆ, ತಪ್ಪು ಜಾಸ್ತಿ. ದೊಡ್ಡ ಮಾದರಿಗೆ ಸುಮಾರು 10 ಜಿಬಿ ಗ್ರಾಫಿಕ್ಸ್ ಮೆಮೊರಿ ಬೇಕು, ಸ್ಮಾಲ್ ಮಾದರಿಗೆ ಸುಮಾರು 2 ಜಿಬಿ ಸಾಕು. ಗ್ರಾಫಿಕ್ಸ್ ಕಾರ್ಡ್ ಇಲ್ಲದ ಲ್ಯಾಪ್‌ಟಾಪಿನಲ್ಲಿ ವಿಸ್ಪರ್ ಡಾಟ್ ಸಿಪಿಪಿ ಅನ್ನುವ ರೂಪ ನಡೆಯುತ್ತದೆ. ನಿಧಾನ, ಆದರೆ ನಡೆಯುತ್ತದೆ. ಮದ್ರಾಸ್ ಐಐಟಿಯ ಎಐ4ಭಾರತ್ ತಂಡ ಭಾರತೀಯ ಭಾಷೆಗಳಿಗಾಗಿಯೇ ಮಾಡಿದ ಮಾದರಿಗಳನ್ನೂ ಪಕ್ಕದಲ್ಲಿಟ್ಟು ಹೋಲಿಸಿ ನೋಡಿ.

ವಿಸ್ಪರ್ ಧ್ವನಿಯನ್ನು 30 ಸೆಕೆಂಡಿನ ತುಂಡುಗಳಾಗಿ ಕೇಳುತ್ತದೆ. ತುಂಡಿನಲ್ಲಿ ಬರೀ ಸದ್ದೇ ಇದ್ದರೆ ಯಾರೂ ಹೇಳದ ಮಾತನ್ನು ತಾನೇ ಬರೆಯುವುದೂ ಉಂಟು, ಒಂದೇ ಸಾಲನ್ನು ಮತ್ತೆ ಮತ್ತೆ ಬರೆಯುವುದೂ ಉಂಟು. ಹಾಗಾಗಿ ಮೊದಲು ದನಿ ಇರುವ ಭಾಗ ಬೇರೆ ಮಾಡಿ, ಆಮೇಲೆ ವಿಸ್ಪರ್‌ಗೆ ಕೊಡಿ.

ಕಸುಬಿನ ಪದಗಳು ಹೆಚ್ಚು ಕೈಕೊಡುತ್ತವೆ. ಕಿನ್ನಾಳದಲ್ಲಿ ಮರದ ಭಾಗಗಳನ್ನು ಹುಣಸೆ ಬೀಜದ ಅಂಟಿನಿಂದ ಕೂಡಿಸುತ್ತಾರೆ. ಸೆಣಬಿನ ಚಿಂದಿಯ ಪುಡಿ, ಮರದ ಹೊಟ್ಟು, ಹುಣಸೆ ಬೀಜದ ಅಂಟು ಸೇರಿಸಿದ ಕಿಟ್ಟವನ್ನು ಮೇಲೆ ಹಚ್ಚುತ್ತಾರೆ. ಕಿಟ್ಟ ಅನ್ನುವ ಪದ ಗೊತ್ತಿಲ್ಲದ ಮಾದರಿ ಅದನ್ನು ಕಟ್ಟ, ಇಟ್ಟ, ಕೊಟ್ಟ ಏನು ಬೇಕಾದರೂ ಮಾಡಬಹುದು. ವಿಸ್ಪರ್‌ಗೆ ಮೊದಲೇ ಒಂದು ಸಣ್ಣ ಪದಪಟ್ಟಿ ಕೊಡುವ ಅವಕಾಶ ಇದೆ. ಮಿತಿ ಸುಮಾರು 224 ಟೋಕನ್. ಟೋಕನ್ ಅಂದರೆ ಮಾದರಿ ಪದವನ್ನು ಒಡೆದು ಓದುವ ತುಣುಕು. ಕನ್ನಡದ ಒಂದು ಪದವೇ ಹಲವು ಟೋಕನ್ ತಿನ್ನುತ್ತದೆ. ಹಾಗಾಗಿ ಸುಮ್ನೆ ಎಲ್ಲಾ ಪದ ತುಂಬಬೇಡಿ. ಊರು, ಸಾಮಾನು, ಕಸುಬಿನ ಹೆಸರುಗಳಷ್ಟೇ ಸಾಕು.

ಆರಿಸೋದು

ಈಗ ನಮ್ಮ ಕೈಯಲ್ಲಿ ವಿಸ್ಪರ್ ಬರೆದುಕೊಟ್ಟ ಎಸ್‌ಆರ್‌ಟಿ ಅನ್ನುವ ಸಬ್‌ಟೈಟಲ್ ಫೈಲ್ ಇದೆ. ಸಂಖ್ಯೆ, ಸಮಯ, ಮಾತು, ಇಷ್ಟೇ ಅದರ ರಚನೆ. ಅದರಲ್ಲಿ ಹೀಗೆ ಎರಡು ಸಾಲು ಬಂದಿವೆ ಅಂದುಕೊಳ್ಳಿ:

42
00:12:07,300 --> 00:12:10,900
ಈಗಿನ ಹುಡುಗ್ರು ಈ ಕೆಲಸ ಕಲಿತಾರ ಅಂತ

43
00:12:13,100 --> 00:12:14,200
ನನಗ ಅನಸೂದಿಲ್ರಿ

ನಡುವೆ 2 ಸೆಕೆಂಡಿಗಿಂತ ಸ್ವಲ್ಪ ಜಾಸ್ತಿ ಮೌನ. ಮೌನ ಕಂಡಲ್ಲೆಲ್ಲ ತುಂಡು ಮಾಡುವ ಸಾಧನ ಇಲ್ಲಿಯೂ ತುಂಡು ಮಾಡುತ್ತದೆ. ಆಮೇಲೆ ಎಐಗೆ "ಭರವಸೆಯ ಮಾತು ಆರಿಸು" ಅಂದರೆ 42ನ್ನು ಮಾತ್ರ ಆರಿಸಿಬಿಡಬಹುದು. ಹಿರಿಯರು ಹೇಳಿದ್ದರ ಪೂರ್ತಿ ಉಲ್ಟಾ ಅರ್ಥ ವಿಡಿಯೊದಲ್ಲಿ ಉಳಿಯುತ್ತದೆ. ಕನ್ನಡದಲ್ಲಿ ಇಲ್ಲ, ಅಲ್ಲ, ಬೇಡ ಎಲ್ಲ ಬರೋದು ಮಾತಿನ ಕೊನೆಗೆ. ನಮ್ಮ ಹಿರಿಯರು ಯೋಚನೆ ಮಾಡಿ ನಿಲ್ಲಿಸೋದೂ ಅದಕ್ಕೆ ಸ್ವಲ್ಪ ಮುಂಚೆ. ಇಂಗ್ಲಿಷ್ ವಿಡಿಯೊಗಳಿಗೆ ಅಂತ ಬರೆದ ಟ್ಯುಟೋರಿಯಲ್‌ಗಳಲ್ಲಿ ಈ ಎಚ್ಚರಿಕೆ ಸಿಗೋದಿಲ್ಲ. ನನ್ನ ಪ್ರಕಾರ ಈ ಇಡೀ ಟಿಪ್ಪಣಿಯಲ್ಲಿ ಗಟ್ಟಿಯಾಗಿ ಹಿಡಿದುಕೊಳ್ಳಬೇಕಾದ ವಿಷಯ ಇದೇ. ನಂಬಿ ಮಾತಾಡಿದವರ ಬಾಯಲ್ಲಿ ಅವರು ಹೇಳದ ಮಾತು ಇಡಬಾರದು.

ಅದಕ್ಕೆ ಎಐಗೆ ಈ ರೀತಿ ಕೇಳಿ: "ಮೊದಲು ಸಾಲುಗಳನ್ನು ಪೂರ್ತಿ ವಾಕ್ಯಗಳ ಗುಂಪು ಮಾಡು. ಗೊಂಬೆ ಮಾಡುವ ಕ್ರಮ ಹೇಳುವ ಗುಂಪುಗಳನ್ನು ಆರಿಸು. ಉತ್ತರದಲ್ಲಿ ಸಾಲಿನ ಸಂಖ್ಯೆ ಮತ್ತು ಆರಿಸಿದ ಕಾರಣ ಮಾತ್ರ ಇರಲಿ. ಸಮಯ ಬರೆಯಬೇಡ. ಮಾತು ತಿದ್ದಬೇಡ."

ಸಮಯ ಬರೆಯಬೇಡ ಅನ್ನಲು ಕಾರಣ ಇದೆ. ಉದ್ದದ ಫೈಲಿನಲ್ಲಿ ಎಐ ಸಮಯದ ಅಂಕಿಗಳನ್ನು ಆಗಾಗ ತಪ್ಪು ಬರೆಯುತ್ತದೆ. ಸಂಖ್ಯೆ ಮಾತ್ರ ತೆಗೆದುಕೊಂಡರೆ ಸಮಯವನ್ನು ಮೂಲ ಫೈಲಿನಿಂದ ಸ್ಕ್ರಿಪ್ಟೇ ಹುಡುಕಿಕೊಳ್ಳುತ್ತದೆ. ಮಾತು ತಿದ್ದಬೇಡ ಅನ್ನದಿದ್ದರೆ "ಐತಿ" ಹೋಗಿ "ಇದೆ" ಬರುತ್ತದೆ, "ಮಾಡ್ತೀವ್ರಿ" ಹೋಗಿ "ಮಾಡುತ್ತೇವೆ" ಬರುತ್ತದೆ. ಕಿವಿಗೆ ಒಂದು ಕನ್ನಡ, ಕಣ್ಣಿಗೆ ಇನ್ನೊಂದು ಕನ್ನಡ ಆದರೆ ನೋಡುವವರಿಗೆ ಕಿರಿಕಿರಿ.

ಆರಿಸಿದ ಪ್ರತಿ ತುಂಡಿನ ಎರಡೂ ಬದಿಗೆ ಸುಮಾರು 0.2 ಸೆಕೆಂಡ್ ಹೆಚ್ಚಿಗೆ ಉಳಿಸಿ. ಉಸಿರು ಕತ್ತರಿಸಿದಂತೆ ಅನಿಸೋದಿಲ್ಲ. ಮರು ಎನ್‌ಕೋಡ್ ಮಾಡದೆ, ಅಂದರೆ ವಿಡಿಯೊವನ್ನು ಹೊಸದಾಗಿ ಬರೆಯದೆ, ಕಾಪಿ ಮಾಡುವ ಕಮಾಂಡ್ ವೇಗವಾಗಿ ಮುಗಿಯುತ್ತದೆ, ಆದರೆ ಅದು ಕೀಫ್ರೇಮ್ (ಫೈಲಿನಲ್ಲಿ ಪೂರ್ತಿಯಾಗಿ ಉಳಿಸಿದ ಚಿತ್ರ) ಇರುವ ಕಡೆ ಮಾತ್ರ ಸರಿಯಾಗಿ ಕತ್ತರಿಸಬಲ್ಲದು. ಮಾತಿನ ತುಂಡುಗಳಿಗೆ ಮರು ಎನ್‌ಕೋಡೇ ಸರಿ. ಸೀದಾ ಅಂತಿಮ ವಿಡಿಯೊ ಮಾಡಿಸುವ ಬದಲು ಟೈಮ್‌ಲೈನ್ ಫೈಲ್ ಮಾಡಿಸಿ. ಕೆಡೆನ್‌ಲೈವ್ ಅನ್ನುವ ಉಚಿತ ಎಡಿಟಿಂಗ್ ಸಾಫ್ಟ್‌ವೇರಿನ ಪ್ರಾಜೆಕ್ಟ್ ಫೈಲ್ ಬರೀ ಎಕ್ಸ್‌ಎಂಎಲ್ ರೂಪದ ಅಕ್ಷರ. ಅದನ್ನು ಹುಟ್ಟಿಸುವ ಸ್ಕ್ರಿಪ್ಟ್ ಬರೆಸಿದರೆ ತುಂಡುಗಳು ಸಾಲಾಗಿ ಕೂತಿರುತ್ತವೆ. ಹಿಂದೆ ಮುಂದೆ ಸರಿಸೋದು ನಿಮ್ಮ ಕೈಯಲ್ಲೇ ಇರುತ್ತದೆ.

ಸಬ್‌ಟೈಟಲ್, ಸದ್ದು

ಕನ್ನಡ ಅಕ್ಷರ ವಿಡಿಯೊ ಮೇಲೆ ಅಚ್ಚಾಗಬೇಕಾದರೆ ಸಬ್‌ಟೈಟಲ್ಸ್ ಅನ್ನುವ ಫಿಲ್ಟರ್ ಬಳಸಿ. ಅದರ ಹಿಂದಿರುವ ಲಿಬ್‌ಆಸ್ ಅನ್ನುವ ಸಾಫ್ಟ್‌ವೇರ್ ಒತ್ತಕ್ಷರಗಳನ್ನು ಸರಿಯಾಗಿ ಜೋಡಿಸುತ್ತದೆ. ಫಾಂಟ್ ನೋಟೊ ಸಾನ್ಸ್ ಕನ್ನಡ ಅಂತ ಹೆಸರು ಹಿಡಿದು ಹೇಳಿ. ರಾಷ್ಟ್ರ, ಸ್ತ್ರೀ ಅನ್ನುವ ಎರಡು ಪದ ಪರೀಕ್ಷೆಗೆ ಸಾಕು. ಅವು ಒಡೆಯದಿದ್ದರೆ ಉಳಿದವೂ ಸಾಮಾನ್ಯವಾಗಿ ಒಡೆಯೋದಿಲ್ಲ. ಸದ್ದಿನ ಮಟ್ಟಕ್ಕೆ ಲೌಡ್‌ನಾರ್ಮ್ ಫಿಲ್ಟರ್ ಇದೆ, ಯೂಟ್ಯೂಬಿಗೆ ಮೈನಸ್ 14 ಎಲ್‌ಯುಎಫ್‌ಎಸ್ (ಕಿವಿಗೆ ಕೇಳುವ ಜೋರನ್ನು ಅಳೆಯುವ ಮಾನ) ಹತ್ತಿರ ಇರಲಿ.

ಬಳ್ಳಾರಿಯ ಜೀನ್ಸ್ ಅಂಗಡಿಗಳಿಗೆ ರೀಲ್ಸ್ ಮಾಡುವವರಿಗೆ ಇಷ್ಟು ತಲೆನೋವಿಲ್ಲ. ಮಾತು ಕಡಿಮೆ, ಅಳತೆ ಒಂದೇ: 1080 ಅಗಲ, 1920 ಎತ್ತರ. ಲೋಗೊ, ಬೆಲೆ, ಹಾಡು ಇರುವ ಜಾಗಗಳು ಬದಲಾಗೋದಿಲ್ಲ. ಬೆಲೆಗಳನ್ನು ಒಂದು ಎಕ್ಸೆಲ್ ಹಾಳೆಯಲ್ಲಿಟ್ಟು, ಸಾಲಿಗೊಂದು ವಿಡಿಯೊ ಮಾಡುವ ಸ್ಕ್ರಿಪ್ಟನ್ನು ಎಐ ಒಂದೇ ಸಲಕ್ಕೆ ಬರೆದುಕೊಡುತ್ತದೆ. ಬೆಲೆ ಸರಿಯಿದೆಯಾ ಅಂತ ಮಾತ್ರ ನೀವೇ ನೋಡಿ.

ರಾತ್ರಿ ಒಂದಷ್ಟು ವಿಡಿಯೊ ಸಾಲಾಗಿ ಹಾಕಿ ಮಲಗುವವರು ಸ್ಕ್ರಿಪ್ಟಿಗೆ ಇನ್ನೊಂದು ನಿಯಮ ಸೇರಿಸಿಕೊಳ್ಳಿ. ತಯಾರಾಗುತ್ತಿರುವ ಫೈಲಿಗೆ ತಾತ್ಕಾಲಿಕ ಹೆಸರು ಇರಲಿ, ಪೂರ್ತಿ ಮುಗಿದ ಮೇಲೆ ಮಾತ್ರ ಸರಿಯಾದ ಹೆಸರು ಬರಲಿ. ಸರಿಯಾದ ಹೆಸರಿನ ಫೈಲ್ ಇದ್ದರೆ ಸ್ಕ್ರಿಪ್ಟ್ ಅದನ್ನು ಬಿಟ್ಟು ಮುಂದೆ ಹೋಗಲಿ. ನಡುವೆ ಕರೆಂಟ್ ಹೋದರೂ ಬೆಳಿಗ್ಗೆ ಮತ್ತೆ ಮೊದಲಿಂದ ಶುರು ಮಾಡಬೇಕಾಗಿಲ್ಲ.