ಪೈ ಸರಿಯಿದ್ದರೂ ಪರಿಧಿ ತಪ್ಪುವುದೇಕೆ?

ವ್ಯಾಸವನ್ನು ಪೈಯಿಂದ ಗುಣಿಸಿದರೆ ಪರಿಧಿ. ಕೈಯಲ್ಲಿರುವುದು ತ್ರಿಜ್ಯವಾದರೆ ಮೊದಲು ಅದನ್ನು ಎರಡು ಪಟ್ಟು ಮಾಡಿಕೊಳ್ಳಬೇಕು. ಸೂತ್ರ ಇಷ್ಟೇ, ವೃತ್ತ ಎಷ್ಟೇ ದೊಡ್ಡದಿರಲಿ ಬದಲಾಗದು. ಆದರೂ ಬಳೆಯಾಗಿ ಬಾಗಿಸಲೆಂದು ಕತ್ತರಿಸಿದ ಪಟ್ಟಿ ಉದ್ದವಾಗುತ್ತದೆ, ಇಲ್ಲವೇ ತುದಿಗಳು ಕೂಡುವುದಿಲ್ಲ. ಯಾವ ವೃತ್ತದ ವ್ಯಾಸವನ್ನು ಗುಣಿಸುತ್ತಿದ್ದೇವೆ ಎಂದು ಕೇಳಿಕೊಳ್ಳದಿರುವುದೇ ಹೆಚ್ಚಿನ ಸಲ ಇದಕ್ಕೆ ಕಾರಣ.

6 ಮಿ.ಮೀ. ದಪ್ಪದ ಕಬ್ಬಿಣದ ಪಟ್ಟಿಯಿಂದ 500 ಮಿ.ಮೀ. ಹೊರವ್ಯಾಸದ ಬಳೆ ಮಾಡಬೇಕೆನ್ನಿ. ಬಾಗಿಸುವಾಗ ಪಟ್ಟಿಯ ಹೊರಮೈ ಹಿಗ್ಗುತ್ತದೆ, ಒಳಮೈ ಕುಗ್ಗುತ್ತದೆ. ಉದ್ದ ಕೆಡದೆ ಉಳಿಯುವುದು ನಡುವಿನ ಪದರ ಮಾತ್ರ. ಆದ್ದರಿಂದ ಹೊರವ್ಯಾಸದಿಂದ ಒಂದು ದಪ್ಪ ಕಳೆದು 494ನ್ನು 3.1416ರಿಂದ ಗುಣಿಸಬೇಕು: 1551.95 ಮಿ.ಮೀ. ನೇರವಾಗಿ 500 ಹಿಡಿದರೆ ಸುಮಾರು 19 ಮಿ.ಮೀ. ಹೆಚ್ಚು. ಒಳವ್ಯಾಸ 488 ಹಿಡಿದರೆ ಅಷ್ಟೇ ಕಡಿಮೆ, ಆಗ ಪಟ್ಟಿ ವ್ಯರ್ಥ. (ದಪ್ಪಕ್ಕೆ ಹೋಲಿಸಿದರೆ ತ್ರಿಜ್ಯ ತೀರ ಚಿಕ್ಕದಿದ್ದಾಗ ಆ ಪದರ ನಡುವಿನಿಂದ ತುಸು ಒಳಕ್ಕೆ ಸರಿಯುತ್ತದೆ, ಆಗ ಈ ಲೆಕ್ಕ ಸಾಲದು.)

ಇದೇ ಬಳೆಗೆ ಪೈಯನ್ನು 22/7 ಎಂದು ಹಿಡಿದರೆ ಬರುವ ತಪ್ಪು ಬರೀ 0.6 ಮಿ.ಮೀ. ಪೈಯ ದಶಾಂಶಗಳಿಗಾಗಿ ತಲೆ ಕೆಡಿಸಿಕೊಳ್ಳುವ ಮುನ್ನ ದಪ್ಪದ ಕಡೆ ನೋಡಿ ಎನ್ನುವುದು ಅದಕ್ಕೇ. ಆರ್ಯಭಟ 499ರ ಹೊತ್ತಿಗೇ 20,000 ವ್ಯಾಸಕ್ಕೆ 62,832 ಪರಿಧಿ ಎಂದು ಕೊಟ್ಟಿದ್ದ, ಅದನ್ನು ‘ಆಸನ್ನ’, ಅಂದರೆ ಹತ್ತಿರದ ಬೆಲೆ ಎಂದೇ ಕರೆದಿದ್ದ. ಆ 3.1416 ಇಂದಿನ ಕೆಲಸಕ್ಕೂ ಧಾರಾಳ ಸಾಕು.

ಇನ್ನು ವ್ಯಾಸ ಅಳೆಯುವ ಮಾತು. ಅಳತೆಪಟ್ಟಿ ಕೇಂದ್ರದ ಮೇಲೆ ಹಾಯದಿದ್ದರೆ ಸಿಗುವುದು ವ್ಯಾಸವಲ್ಲ, ಜ್ಯಾ. ಅದು ಯಾವಾಗಲೂ ಕಡಿಮೆಯೇ. 200 ಮಿ.ಮೀ. ವ್ಯಾಸದ ತಟ್ಟೆಯಲ್ಲಿ 20 ಮಿ.ಮೀ. ಪಕ್ಕಕ್ಕೆ ಸರಿದರೆ 196 ಓದುತ್ತೀರಿ, ಪರಿಧಿ ಸುಮಾರು 12.7 ಮಿ.ಮೀ. ಕುಸಿಯುತ್ತದೆ. ಕೇಂದ್ರ ಕಾಣದ ಕೊಳವೆಗೆ ಸುತ್ತಳತೆ ತೆಗೆದು 3.1416ರಿಂದ ಭಾಗಿಸುವುದೇ ಮೇಲು. ಸುತ್ತಳತೆಯಲ್ಲಿ 1 ಮಿ.ಮೀ. ತಪ್ಪಿದರೂ ವ್ಯಾಸದಲ್ಲಿ ತಪ್ಪುವುದು 0.32 ಮಾತ್ರ. ಟೇಪು ಓರೆಯಾದರೆ ಅಳತೆ ಹೆಚ್ಚುತ್ತದೆ. ಹಿಗ್ಗುವ ದಾರ ಬಿಗಿಯಾಗಿ ಎಳೆದರೆ ಕಡಿಮೆ ತೋರುತ್ತದೆ. ಟೇಪಿಗೂ ದಪ್ಪವುಂಟು: ಬಂದ ವ್ಯಾಸದಿಂದ ಆ ದಪ್ಪವನ್ನು ಒಮ್ಮೆ ಕಳೆಯಿರಿ. ಬಳೆಯ ನಡುಪದರದ ಲೆಕ್ಕವೇ ಇಲ್ಲಿಯೂ ನಡೆಯುತ್ತದೆ.

400 ಮೀಟರ್ ಓಟದ ಪಥದಲ್ಲಿ ಈ ಪ್ರಶ್ನೆ ಇನ್ನೂ ಸ್ಪಷ್ಟವಾಗುತ್ತದೆ. ಪ್ರಮಾಣಿತ ಪಥದ ಒಳ ಅಂಚಿನ ತ್ರಿಜ್ಯ 36.50 ಮೀಟರ್. ಆದರೆ ಓಟಗಾರ ಅಂಚಿನ ಮೇಲೆ ಓಡುವುದಿಲ್ಲವಲ್ಲ! ಮೊದಲ ಲೇನನ್ನು ಅಂಚಿನಿಂದ 30 ಸೆಂ.ಮೀ. ಆಚೆ ಅಳೆಯುತ್ತಾರೆ, ಅಂದರೆ ತ್ರಿಜ್ಯ 36.80. ಎರಡು ಅರ್ಧವೃತ್ತ ಸೇರಿ 231.22 ಮೀಟರ್, ಎರಡು ನೇರ ದಾರಿ ತಲಾ 84.39, ಒಟ್ಟು 400. ಎರಡನೆಯ ಲೇನಿನಿಂದ ಒಳಗೆರೆಯ ಆಚೆ 20 ಸೆಂ.ಮೀ. ಮಾತ್ರ. ಲೇನಿನ ಅಗಲ 1.22 ಆದ್ದರಿಂದ ಎರಡನೆಯದಕ್ಕೆ ತ್ರಿಜ್ಯ ಹೆಚ್ಚುವುದು 1.12 ಮೀಟರ್, ಒಂದು ಸುತ್ತಿಗೆ ದೂರ ಹೆಚ್ಚುವುದು 7.04 ಮೀಟರ್. ಅಲ್ಲಿಂದ ಮುಂದೆ ಪ್ರತಿ ಲೇನಿಗೂ 7.67. ಈ ಹೆಚ್ಚಳ ತೆಗೆಯಲು 36.50 ಬೇಕಾಗುವುದೇ ಇಲ್ಲ; ತಿರುವು ಅದಕ್ಕಿಂತ ಬಿಗಿಯಿರಲಿ, ವಿಶಾಲವಿರಲಿ, ಇದೇ ಲೇನಿನ ಅಗಲಕ್ಕೆ ಇದೇ 7.67.