ತೂಬಿನ ಕೀಲಿ ಯಾರ ಕೈಲಿದೆ?

ಮೊನ್ನೆ ಮೈಸೂರಿನ ಹೆಬ್ಬಾಳದಲ್ಲಿರುವ ಒಂದು ಸಣ್ಣ ಕಂಪನಿಯ ಹುಡುಗರು ಕೇಳಿದರು: "ಸಾರ್, ಈ ಲೈಬ್ರರಿ ಓಪನ್ ಸೋರ್ಸ್, ಲೈಸೆನ್ಸೂ ಸರಿಯಾಗಿದೆ, ಗಿಟ್‌ಹಬ್‌ನಲ್ಲಿ ಸ್ಟಾರ್ ಬೇರೆ ಜಾಸ್ತಿ. ಕಣ್ಮುಚ್ಚಿ ಹಾಕ್ಕೊಬಹುದಲ್ವಾ?" (ಲೈಬ್ರರಿ ಅಂದರೆ ನಮ್ಮ ಪ್ರೋಗ್ರಾಂಗೆ ಸೇರಿಸಿಕೊಳ್ಳಲು ಬೇರೆಯವರು ಬರೆದಿಟ್ಟ ಕೋಡ್; ಓಪನ್ ಸೋರ್ಸ್ ಅಂದರೆ ಯಾರು ಬೇಕಾದರೂ ನೋಡಿ, ಬಳಸಿ, ತಿದ್ದಬಹುದಾದದ್ದು; ಗಿಟ್‌ಹಬ್ ಅಂಥ ಕೋಡ್ ಇಡುವ ತಾಣ, ಸ್ಟಾರ್ ಅಲ್ಲಿನ ಮೆಚ್ಚುಗೆ.) ಹಾಕ್ಕೊಳ್ಳಿ, ಆದರೆ ಮೊದಲು ಮರ್ಜ್ ಬಟನ್, ಅಂದರೆ ಬೇರೆಯವರು ಕಳಿಸಿದ ತಿದ್ದುಪಡಿಯನ್ನು ಕೋಡಿಗೆ ಸೇರಿಸುವ ಗುಂಡಿ, ಯಾರ ಕೈಲಿದೆ, ಅವರಿಗೆ ಸಂಬಳ ಯಾರು ಕೊಡುತ್ತಾರೆ ನೋಡಿ ಅಂದೆ. ಮುಖ ಮುಖ ನೋಡಿಕೊಂಡರು.

ನಮ್ಮೂರು ಮಂಡ್ಯದ ಕಡೆ, ನಾಲೆ ಬಯಲು. ಅಲ್ಲಿ ನೀರುಗಂಟಿ ಅಂತ ಒಬ್ಬನಿರುತ್ತಿದ್ದ. ನೀರು ಅವನದಲ್ಲ, ಗದ್ದೆಯೂ ಅವನದಲ್ಲ, ಆದರೆ ತೂಬು ಎತ್ತುವವನು ಅವನೇ. ಸುಗ್ಗಿಯಲ್ಲಿ ಎಲ್ಲರ ಕಣದಿಂದಲೂ ಅವನಿಗೆ ಭತ್ತ ಹೋಗುತ್ತಿತ್ತು. ಒಬ್ಬರೇ ಗೌಡರು ಪೂರ್ತಿ ಕೊಟ್ಟಿದ್ದರೆ ಕೊನೇ ಗದ್ದೆಗೆ ನೀರು ಬರುತ್ತಿದ್ದದ್ದು ಯಾವಾಗ, ನೀವೇ ಹೇಳಿ.

ಓಪನ್ ಸೋರ್ಸ್‌ನಲ್ಲಿ ಕೋಡ್ ಯಾರು ಬೇಕಾದರೂ ಕಳಿಸಬಹುದು. ಒಳಗೆ ಬಿಡುವವರು ಕಮಿಟರ್‌ಗಳು. ಆ ಕೀಲಿ ಯಾರಿಗೆ ಅಂತ ತೀರ್ಮಾನಿಸುವ ಕೋರ್ ಟೀಮೋ ಕೌನ್ಸಿಲ್ಲೋ ಅದರ ಮೇಲೆ. ಕಂಪನಿಗಳು ಗದರಿಸಿಕೊಂಡು ಒಳಗೆ ಬರುವುದಿಲ್ಲ, ಕಮಿಟರ್‌ಗಳಿಗೆ ಕೆಲಸ ಕೊಡುತ್ತವೆ ಅಷ್ಟೆ. ಅದು ತಪ್ಪೂ ಅಲ್ಲ. ಲಿನಕ್ಸ್ ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್‌ನ ಬಹುಪಾಲು ಕೆಲಸ ಸಂಬಳ ತೆಗೆದುಕೊಳ್ಳುವವರದ್ದೇ. ಆದರೆ ಎಲ್ಲರ ಸಂಬಳವೂ ಒಂದೇ ಮನೆಯಿಂದ ಬಂದರೆ?

ಪೋಸ್ಟ್‌ಗ್ರೆಸ್ ಅನ್ನೋ ಓಪನ್ ಸೋರ್ಸ್ ಡೇಟಾಬೇಸ್‌ನ ಕಥೆ ನನಗೆ ತುಂಬಾ ಇಷ್ಟ. ಕೋರ್ ಟೀಮ್‌ನ ಅರ್ಧಕ್ಕಿಂತ ಜಾಸ್ತಿ ಜನ ಒಂದೇ ಕಂಪನಿಯವರಾಗಿರಬಾರದು ಅನ್ನೋದು ಅಲ್ಲಿ ಬಾಯಿಮಾತಿನ ನಿಯಮ. 2020ರಲ್ಲಿ ಎಂಟರ್‌ಪ್ರೈಸ್‌ಡಿಬಿ ಕಂಪನಿಯು ಸೆಕೆಂಡ್‌ಕ್ವಾಡ್ರಂಟ್ ಅನ್ನೋ ಇನ್ನೊಂದು ಕಂಪನಿಯನ್ನು ಕೊಂಡುಕೊಂಡಿತು, ಬೆಳಗಾಗುವುದರೊಳಗೆ 5 ಜನರಲ್ಲಿ 3 ಜನ ಒಂದೇ ಕಂಪನಿಯವರಾದರು! ಯಾರೂ ಮೋಸ ಮಾಡಿರಲಿಲ್ಲ, ಕೂತಿದ್ದವರು ಕೂತಲ್ಲೇ ಇದ್ದರು, ಅವರ ಕೆಳಗಿನ ನೆಲ ಬದಲಾಗಿತ್ತು. ಯಾರನ್ನೂ ಎಬ್ಬಿಸಿ ಕಳಿಸದೆ ಬೇರೆ ಕಂಪನಿಗಳ ಇಬ್ಬರನ್ನು ಸೇರಿಸಿಕೊಂಡು 7 ಜನರ ಟೀಮ್ ಮಾಡಿದರು. ಪೈಥಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷೆಯವರು ಇಂಥ ನಿಯಮವನ್ನು ಬರೆದೇ ಇಟ್ಟಿದ್ದಾರೆ: 2018ರಲ್ಲಿ ಅದನ್ನು ಹುಟ್ಟುಹಾಕಿದ ಗೈಡೋ ವಾನ್ ರಾಸಮ್ ಯಜಮಾನಿಕೆ ಬಿಟ್ಟ ಮೇಲೆ ಬಂದ 5 ಜನರ ಸ್ಟೀರಿಂಗ್ ಕೌನ್ಸಿಲ್‌ನಲ್ಲಿ ಒಂದು ಕಂಪನಿಯಿಂದ ಇಬ್ಬರಿಗಿಂತ ಹೆಚ್ಚು ಜನ ಇರುವಂತಿಲ್ಲ.

ಇನ್ನೊಂದು ವಿಷಯ ನಮ್ಮವರು ಓದದೆ ಸುಮ್ನೆ ಒಪ್ಪಿಕೊಂಡುಬಿಡುವ ಸಿಎಲ್‌ಎ ಕಾಗದ, ಅಂದರೆ ಕೋಡ್ ಕಳಿಸುವವರು ಒಪ್ಪಿಕೊಳ್ಳುವ ಕರಾರು. ನೀವು ಬರೆದ ಕೋಡನ್ನು ಮುಂದೆ ಬೇರೆ ಲೈಸೆನ್ಸ್‌ನಲ್ಲಿ ಕೊಡುವ ಹಕ್ಕು ಎಷ್ಟೋ ಸಲ ಅದರಲ್ಲಿ ಕಂಪನಿಗೆ ಹೋಗಿರುತ್ತದೆ. 2023ರ ಆಗಸ್ಟ್‌ನಲ್ಲಿ ಹ್ಯಾಶಿಕಾರ್ಪ್ ಕಂಪನಿ ತನ್ನ ಟೆರಾಫಾರ್ಮ್ ಅನ್ನೋ ತಂತ್ರಾಂಶದ ಲೈಸೆನ್ಸ್ ಬದಲಿಸಿತು. ಒಪ್ಪದವರು ಹಳೇ ಕೋಡ್ ತೆಗೆದುಕೊಂಡು ಬೇರೆಯಾದರು. ಕೋಡ್ ಬಂತು, ಹೆಸರು ಬರಲಿಲ್ಲ, ಟ್ರೇಡ್‌ಮಾರ್ಕ್ ಕಂಪನಿಯದು. ಹಾಗಾಗಿ ಓಪನ್‌ಟೋಫು ಅಂತ ಹೊಸ ನಾಮಕರಣ, ಲಿನಕ್ಸ್ ಫೌಂಡೇಶನ್ ಅನ್ನೋ ಲಾಭರಹಿತ ಸಂಸ್ಥೆಯ ಅಡಿಯಲ್ಲಿ ಹೊಸ ಮನೆ.

ನನಗೆ ಇಷ್ಟೆಲ್ಲ ಬುದ್ಧಿ ಬಂದದ್ದು ಪೆಟ್ಟು ತಿಂದ ಮೇಲೆ. ಒಂದು ಸರ್ಚ್ ಲೈಬ್ರರಿಯಲ್ಲಿ ಕನ್ನಡದ ಒತ್ತಕ್ಷರ ಒಡೆದು ಹೋಗುತ್ತಿತ್ತು, 'ಮೈಸೂರು' ಹುಡುಕಿದರೆ ಸಿಗುತ್ತಿತ್ತು, 'ಮಂಡ್ಯ' ಹುಡುಕಿದರೆ ಇಲ್ಲ. 11 ಸಾಲಿನ ತಿದ್ದುಪಡಿ ಕಳಿಸಿದೆ. ಒಬ್ಬರು ನೋಡಿ "ಚೆನ್ನಾಗಿದೆ, ಒಂದು ಟೆಸ್ಟ್ ಸೇರಿಸಿ" ಅಂದರು, ಅದೇ ರಾತ್ರಿ ಸೇರಿಸಿದೆ. ಆಮೇಲೆ ಸದ್ದಿಲ್ಲ. ತಿಂಗಳಾದ ಮೇಲೆ ಗೊತ್ತಾಯಿತು, ಆ ಲೈಬ್ರರಿಗೆ ಇದ್ದ ನಾಲ್ಕೂ ಕಮಿಟರ್‌ಗಳು ಒಂದೇ ಕಂಪನಿಯವರು, ಕಂಪನಿ ನಾಲ್ಕೂ ಜನರನ್ನು ಬೇರೆ ಕೆಲಸಕ್ಕೆ ಹಾಕಿದೆ. ಹೊರಗಿನವರಿಗೆ ಕೀಲಿ ಕೊಡುವ ದಾರಿ ಏನು ಅಂತ ಎಲ್ಲೂ ಬರೆದಿರಲಿಲ್ಲ.

ಆ 11 ಸಾಲು ಇನ್ನೂ ಅಲ್ಲೇ ಕೂತಿದೆ. ಲೈಬ್ರರಿಯನ್ನು ಹೊಸದಾಗಿ ಇಳಿಸಿಕೊಂಡಾಗಲೆಲ್ಲ ನಾನೇ ಕೈಯಾರೆ ಸೇರಿಸಿಕೊಳ್ಳುತ್ತೇನೆ. ಹೆಬ್ಬಾಳದ ಹುಡುಗರು ಕೇಳಿದ್ದೂ ಅದೇ ಲೈಬ್ರರಿ.